ತಾಲೀಮಿನ ತಲೆ

ಡಾಂಬರು ಗುಳಿಗೆಯ ವಾಸನೆ ನಿಮಗೆ ಇಷ್ಟವೋ ಇಲ್ಲವೋ ಕಾಣೆ. ನನಗಂತೂ ಅದು ಮೂಗಿಗೆ ಬಡಿದರೆ ಸಾಕು, ಕತ್ತು ತಾನಾಗಿಯೇ ನೆಟ್ಟಗಾಗುತ್ತದೆ. ಮೊನ್ನೆ ಭಾನುವಾರವೂ ಹಾಗೇ ಆಯಿತು. ನನ್ನ ಬಾಲ್ಯದ ಗೆಳೆಯ ಬಾಳ್ಯಾನ ಸೊಸೆ ಅಶ್ವಿನಿ, ಮಗಳು ನಿಧಿಯನ್ನು ಕರೆದುಕೊಂಡು ಹುಬ್ಬಳ್ಳಿಯ ನಮ್ಮ ಮನೆಗೆ ಬಂದಿದ್ದಳು. ಕೈಚೀಲದಿಂದ ಸವಣೂರಿನ ಖಾರದ ಪೊಟ್ಟಣ ತೆಗೆದು ನನ್ನ ಕೈಗಿಟ್ಟಳು. ಅದರ ಹಿಂದೆಯೇ ಹಳೆಯ ಧೋತರದ ತುಂಡಿನಲ್ಲಿ ಕಟ್ಟಿದ ಒಂದು ಗಂಟು ಹೊರಬಂತು. ಗಂಟು ಬಿಚ್ಚುವ ಮೊದಲೇ ವಾಸನೆ ಬಂದಿತ್ತು. ನಾನು ಸೋಫಾದಲ್ಲಿ ಬೆನ್ನು ಸೆಟೆದು ಕೂತೆ. ಯಜಮಾನರು ಪೇಪರಿನಿಂದ ತಲೆಯೆತ್ತಿ, "ಯಾಕ, ಸೊಂಟ ಹಿಡೀತೇನು?" ಎಂದರು.

ಸೊಂಟವಲ್ಲ. ಗಂಟಿನೊಳಗೆ ದೇಸಾಯರ ರುಮಾಲಿತ್ತು. ಕೆಂಪು ಬಣ್ಣ, ಜರಿಯ ಅಂಚು. ಬಿಡಿಸಿ ಹಿಡಿದರೆ ಪಡಸಾಲೆಯ ಈ ಕಂಬದಿಂದ ಆ ಕಂಬಕ್ಕೆ ಮುಟ್ಟುವಷ್ಟು ಉದ್ದ. ಆ ವಂಶದಲ್ಲಿ ಹುಟ್ಟಿದವರನ್ನು ಬಿಟ್ಟರೆ ಈ ರುಮಾಲು ಏರಿದ್ದು ಜಗತ್ತಿನಲ್ಲಿ ಒಬ್ಬಳ ತಲೆಗೇ, ಅವಳು ನಾನು. ಜಂಬ ಕೊಚ್ಚಿಕೊಳ್ಳುತ್ತಿದ್ದಾಳೆ ಎಂದುಕೊಳ್ಳಬೇಡಿ. ಮುಂದೆ ಕೇಳಿದರೆ ಜಂಬಕ್ಕೆ ಅದರಲ್ಲಿ ಎಷ್ಟು ಜಾಗವಿದೆ ಎಂದು ನಿಮಗೇ ತಿಳಿಯುತ್ತದೆ.

ನಮ್ಮೂರು ಹತ್ತಿಮತ್ತೂರಿನಿಂದ ತುಸು ಆಚೆಗೆ. ಅಲ್ಲಿಯ ದೇಸಾಯರು ಒಂದು ಕಾಲಕ್ಕೆ ಸುತ್ತಲಿನ ಹಳ್ಳಿಗಳಿಗೆ ಸಣ್ಣ ಅರಸರೇ. ನಾನು ಕಣ್ಣು ಬಿಡುವ ಹೊತ್ತಿಗೆ ಹೊಲಗಳೆಲ್ಲ ಉಳುವವರ ಪಾಲಾಗಿ, ಕುದುರೆ ಲಾಯದಲ್ಲಿ ಕಟ್ಟಿಗೆ ಒಟ್ಟಿದ್ದರು. ಉಳಿದದ್ದು ಒಂದು ವಾಡೆ, ಪಡಸಾಲೆಯಲ್ಲೊಂದು ಗಾದಿ, ಪೆಟ್ಟಿಗೆಯಲ್ಲಿ ಈ ರುಮಾಲು, ಮತ್ತೆ ದಸರೆಯ ದಿನ ಊರಿಗೆಲ್ಲ ಮೊದಲ ಬನ್ನಿ ಕೊಡುವ ಮಾನ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನೀವು ನಗಬಹುದು. ನಾವೂ ನಗುತ್ತಿದ್ದೆವು, ದಸರೆಯ ದಿನವೊಂದನ್ನು ಬಿಟ್ಟು. ನಮ್ಮ ತಂದೆ ಆ ವಾಡೆಯ ಆಚಾರ್ಯರು. ದೇವರ ಪೂಜೆ, ಪಂಚಾಂಗ, ಮುಹೂರ್ತ ಎಲ್ಲ ಅವರ ಜಿಮ್ಮೆ. ಪಂಚಾಂಗ ನೋಡದೆ ಉಗುರನ್ನೂ ಕತ್ತರಿಸಿಕೊಳ್ಳದ ಮನುಷ್ಯ. ಅವರ ಹಿಂದೆ ನಾನೂ ದಿನಾ ವಾಡೆಗೆ ಹೋಗುತ್ತಿದ್ದೆ. ಅವರಿಗೆ ದೇವರ ಮನೆಯ ಕೆಲಸ, ನನಗೆ ಅಡಿಗೆಮನೆಯ ಕೆಲಸ. ಅಲ್ಲಿ ಗೋದಾಕಾಕು ಉಂಡಿ ಕೊಡುತ್ತಿದ್ದಳು.

ಗೋದಾಕಾಕು ಎಂದರೆ ಬಾಳ್ಯಾನ ತಾಯಿ. ದೇಸಾಯರು ತೀರಿಕೊಂಡಾಗ ಬಾಳ್ಯಾ ಇನ್ನೂ ಕೂಸು. ಊರವರಿಗೆ ಅವನು ಬಾಳಾಸಾಹೇಬ, ನನಗೆ ಮಾತ್ರ ಪೇರಲ ಗಿಡದಿಂದ ಬಿದ್ದು ಮೊಣಕೈ ಕೆತ್ತಿಸಿಕೊಂಡ ಬಾಳ್ಯಾ. ದೇಸಾಯರು ಹೋದಂದಿನಿಂದ ಗಾದಿ ಖಾಲಿ ಉಳಿದಿತ್ತು. ದಸರೆಗೆ ಚಿಕ್ಕೇರೂರಿನಿಂದ ಅವನ ಕಾಕಾ, ಅಂದರೆ ತಂದೆಯ ತಮ್ಮ, ಬಂದು ಗಾದಿಯ ಪಕ್ಕದಲ್ಲಿ ನಿಂತು ಬನ್ನಿ ಹಂಚಿ ಹೋಗುತ್ತಿದ್ದರು. ವಾರಸುದಾರನಿಗೆ ಮೀಸೆ ಮೂಡುವ ತನಕ ಈ ವ್ಯವಸ್ಥೆ.

ಮೀಸೆ ಮೂಡಿದ ವರ್ಷ ಏನು ಮಾಡಬೇಕೆಂಬುದಕ್ಕೆ ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ವಿಜಯದಶಮಿಯ ಮುಹೂರ್ತಕ್ಕೆ ಸೋದರಮಾವ ಹುಡುಗನಿಗೆ ರುಮಾಲು ಸುತ್ತಬೇಕು. ಹುಡುಗ ಮೆರವಣಿಗೆಯಲ್ಲಿ ಊರ ಸೀಮೆಯ ಬನ್ನಿಗಿಡದ ತನಕ ಹೋಗಿ, ತಿರುಗಿ ಬಂದು, ಗಾದಿಯ ಮೇಲೆ ಕೂರಬೇಕು. ಅಲ್ಲಿಯ ತನಕ ಆ ತಲೆ ದೇವರನ್ನು ಬಿಟ್ಟು ಯಾರಿಗೂ ಬಾಗಬಾರದು, ರುಮಾಲು ಜಾರಬಾರದು. ಜಾರಿತೋ, ಗಾದಿ ಆ ತಲೆಗೆ ಒಲಿಯಲಿಲ್ಲ ಎಂದರ್ಥ. ಅದು ದಾಯಾದಿಯ ಮನೆಗೆ ಹೋಗುತ್ತದೆ. ಗಾದಿ ಯಾರದೋ ವಾಡೆಯ ಕೀಲಿಕೈಯೂ ಅವರದೇ. ಕಾಕಾನಿಗೆ ಇಬ್ಬರು ಗಂಡುಮಕ್ಕಳಿದ್ದರು, ಅವರ ಮೀಸೆ ಬಾಳ್ಯಾನ ಮೀಸೆಗಿಂತ ದಟ್ಟವಾಗಿತ್ತು. ತಾನೂ ಮಗನೂ ಇರುವ ಸೂರು ಒಂದು ರುಮಾಲಿನ ಬಿಗಿಯಲ್ಲಿದೆ ಎಂಬುದು ಗೋದಾಕಾಕುವಿಗೆ ಚೆನ್ನಾಗಿ ಗೊತ್ತಿತ್ತು.

ತೊಂದರೆ ಇದ್ದದ್ದು ಸೋದರಮಾವನಲ್ಲಿ. ಗುಂಡೂಮಾಮಾ ಹುಬ್ಬಳ್ಳಿಯಲ್ಲಿ ಸಾಲೆಯ ಮಾಸ್ತರ. ಕರಿ ಟೊಪ್ಪಿಗೆ ಬಿಟ್ಟು ಬೇರೇನೂ ಅವನ ತಲೆ ಕಂಡಿರಲಿಲ್ಲ. ರುಮಾಲು ಸುತ್ತಲು ಬರುತ್ತಿದ್ದದ್ದು ಗೋದಾಕಾಕುವಿಗೆ, ಗಂಡನಿಗೆ ಪ್ರತಿ ದಸರೆಗೂ ಅವಳೇ ಸುತ್ತುತ್ತಿದ್ದಳಂತೆ. ಆದರೆ ಗಂಡ ಸತ್ತವಳ ಕೈ ಶುಭಕಾರ್ಯದಲ್ಲಿ ರುಮಾಲಿಗೆ ತಾಗುವ ಹಾಗಿರಲಿಲ್ಲ, ಆ ದಿನ ಅವಳು ಅಡಿಗೆಮನೆಯ ಹೊಸ್ತಿಲು ದಾಟುವಂತೆಯೂ ಇರಲಿಲ್ಲ. ಅದಕ್ಕೇ ದಸರೆಗೆ ಮೊದಲು ಅಣ್ಣನನ್ನು ಕರೆಸಿ, ಉಗ್ರಾಣದ ಬಾಗಿಲು ಹಾಕಿಕೊಂಡು ಅವನಿಗೆ ಕಲಿಸಲು ಕೂತಳು. ಕಲಿಸಲು ಒಂದು ತಲೆ ಬೇಕಲ್ಲ? ಮುಹೂರ್ತಕ್ಕೆ ಮುಂಚೆ ಬಾಳ್ಯಾನ ತಲೆಗೆ ಅದನ್ನು ಮುಟ್ಟಿಸಬಾರದು. ನಾನು ಅಲ್ಲೇ ಜೋಳದ ಚೀಲದ ಮೇಲೆ ಕೂತು ಉಂಡಿ ತಿನ್ನುತ್ತಿದ್ದೆ. ಗುಂಡೂಮಾಮಾ ನನ್ನನ್ನು ನೋಡಿದ.

"ಹುಡುಗೀ ತಲಿಗೆ ಸುತ್ತಿದ್ರ ಅದೇನು ಲೆಕ್ಕಕ್ಕಿಲ್ಲ" ಎಂದು ತೀರ್ಪು ಕೊಟ್ಟ.

ಹೀಗೆ ನಾನು ತಾಲೀಮಿನ ದೇಸಾಯಿಯಾದೆ. ನನಗೆ ಆಗ ದಪ್ಪನೆಯ ಹೆರಳಿತ್ತು. ಅದನ್ನು ನೆತ್ತಿಯ ಮೇಲೆ ಸಿಂಬಿ ಸುತ್ತಿ ಪಿನ್ನು ಚುಚ್ಚಿ, ಅದರ ಮೇಲೆ ಗೋದಾಕಾಕು ರುಮಾಲು ಸುತ್ತುತ್ತಿದ್ದಳು. ಕಿವಿಯ ಮೇಲೆ ಒಂದು ಸಲ ಜಗ್ಗುತ್ತಿದ್ದಳು, ಹಣೆಯ ನಡುವೆ ಹೆಬ್ಬೆಟ್ಟು ಒತ್ತಿ ಹಿಡಿಯುತ್ತಿದ್ದಳು, ಹಿಂದೆ ಕತ್ತಿನ ಕುಳಿಯ ಹತ್ತಿರ ಬಂದಾಗ ತುಸು ಸಡಿಲ ಬಿಡುತ್ತಿದ್ದಳು. "ತಲಿ ಅಂದ್ರ ಕಲ್ಲಲ್ಲಣ್ಣಾ. ಅದು ಉಸಿರಾಡಾಕ ಒಂದೀಟು ಜಾಗಾ ಬಿಟ್ಟು ಬಿಗೀಬೇಕು" ಎನ್ನುತ್ತಿದ್ದಳು. ಬೇರೆ ಹೊತ್ತಿನಲ್ಲಿ ತಲೆ ತಗ್ಗಿಸಿ ಗೋಡೆಗುಂಟ ಓಡಾಡುವ ಹೆಂಗಸು ಅಲ್ಲಿ ಬೇರೆಯೇ ಆಗುತ್ತಿದ್ದಳು. ರುಮಾಲಿನೊಳಗೆ ಕೂತ ನನಗೆ ಒಂದು ಕೆಟ್ಟ ಸುಖ. ಉಂಡಿ ಬೇಕಾದರೆ ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಕೈ ಚಾಚಿ ಅಪ್ಪಣೆ ಮಾಡುತ್ತಿದ್ದೆ. ದೊರೆತನ ಮನುಷ್ಯನನ್ನು ಎಷ್ಟು ಬೇಗ ಕೆಡಿಸುತ್ತದೆ ನೋಡಿ. ಮಾಮಾ ತಪ್ಪುತ್ತಾ ತಪ್ಪುತ್ತಾ ಕೊನೆಗೆ ಕಲಿತ. ಆದರೆ ಅವನು ಕಲಿತದ್ದು ನನ್ನ ತಲೆಗೆ ಸುತ್ತುವುದನ್ನು ಎಂಬುದು ಆಗ ನಮಗ್ಯಾರಿಗೂ ಹೊಳೆಯಲಿಲ್ಲ.

ಕಲಿತು ಹುಬ್ಬಳ್ಳಿಗೆ ಹೋಗಿದ್ದ ಮಾಮಾ ತಿರುಗಿ ಬರಬೇಕಾದ ವಿಜಯದಶಮಿಯ ದಿನ, ಯಲವಿಗಿಗೆ ಬರುವ ರೈಲು ತಡವಾಯಿತು. ಯಲವಿಗಿಯಿಂದ ಚಕ್ಕಡಿ ಹಿಡಿದು, ಮೈಯೆಲ್ಲ ಧೂಳಾಗಿ, ಬೆವರು ಸುರಿಸುತ್ತ ಬಂದಿಳಿದ. ಅಂಗಳದಲ್ಲಿ ಊರೇ ನೆರೆದಿತ್ತು. ಮಣೆಯ ಮೇಲೆ ಬಾಳ್ಯಾ ಹೊಸದಾಗಿ ಕ್ಷೌರ ಮಾಡಿಸಿಕೊಂಡು ಕೂತಿದ್ದ. ಅವನ ತಲೆಗೆ ಮಾಮಾ ಸುತ್ತಿದ ಮೊದಲ ರುಮಾಲು ಕೊಡ ಹೊರುವ ಸಿಂಬಿಯಂತಾಯಿತು. ಬಿಚ್ಚಿ ಮತ್ತೆ ಸುತ್ತಿದ. ಈ ಸಲ ಒಂದು ಕಿವಿಯೇ ಕಾಣದಂತಾಯಿತು. ನಮ್ಮ ತಂದೆ ಜೇಬಿನ ಗಡಿಯಾರ ತೆಗೆದು ಮುಹೂರ್ತ ಮೀರುತ್ತಿದೆ ಎಂದು ಸಾರಿದರು. ಮಾಮಾ ಏನು ಮಾಡಿದ ಗೊತ್ತೇ? ರುಮಾಲು ಬಗಲಿಗೆ ಇಟ್ಟುಕೊಂಡು, ನನ್ನನ್ನು ಎಳೆದುಕೊಂಡು ಉಗ್ರಾಣದೊಳಗೆ ಓಡಿದ. ಹೆರಳು ಎತ್ತಿ ಕಟ್ಟಲು ನನಗೆ ಹೇಳಿ, ಚೀಲದ ಮೇಲೆ ಕೂರಿಸಿ, ಒಂದೇ ಉಸಿರಿಗೆ ಚೆಂದಾಗಿ ಸುತ್ತಿದ. ಆಮೇಲೆ ಅದನ್ನು ಮುಚ್ಚಳದ ಹಾಗೆ ಎರಡೂ ಕೈಯಿಂದ ಎತ್ತಿಕೊಂಡು ಹೊರಗೆ ನಡೆದ.

ನನ್ನ ಹೆರಳಿನ ಅಳತೆಗೆ ಸುತ್ತಿದ ರುಮಾಲು ಬೋಳು ಬೋಳಾದ ಬಾಳ್ಯಾನ ತಲೆಯ ಮೇಲೆ, ಸಣ್ಣ ಒಲೆಗಿಟ್ಟ ದೊಡ್ಡ ಪಾತೇಲಿಯಂತೆ ಕೂತಿತು. ದೂರದಿಂದ ಕಂಡವರಿಗೆ ಬಲು ಚೆಂದ. ಅದರ ಕೆಳಗಿದ್ದ ಬಾಳ್ಯಾನಿಗೆ ಮಾತ್ರ ಒಮ್ಮೆ ಕತ್ತು ಹೊರಳಿಸಿದ ಕೂಡಲೇ ವಿಷಯ ತಿಳಿಯಿತು. ಅವನು ನನ್ನತ್ತ ನೋಡಿದ, ನಾನು ನೆಲ ನೋಡಿದೆ.

ಮೆರವಣಿಗೆ ಹೊರಟಿತು. ಬಾಳ್ಯಾ ತುಂಬಿದ ಕೊಡ ಹೊತ್ತವರಂತೆ ಒಂದೊಂದೇ ಹೆಜ್ಜೆ ಇಟ್ಟು, ಎಡಕ್ಕೂ ಬಲಕ್ಕೂ ನೋಡದೆ ನಡೆದ. ದಾರಿಯ ಅಕ್ಕಪಕ್ಕ ನಿಂತ ಮಂದಿಗೆ ಅದು ಭಾರೀ ಗಾಂಭೀರ್ಯವಾಗಿ ಕಂಡಿತು. "ನಡಿಗಿ ನೋಡ್ರಿ, ಥೇಟ ಅಪ್ಪನ ನಡಿಗಿನ ಬಂದೈತಿ" ಎಂದು ಒಬ್ಬ ಮುದುಕ ಕಣ್ಣೊರೆಸಿಕೊಂಡ. ಬನ್ನಿಗಿಡದ ಹತ್ತಿರ ಗಾಳಿ ಬೀಸಿದಾಗ ನಾನು ಬೇಡಿಕೊಳ್ಳದ ದೇವರಿಲ್ಲ. ಅಂತೂ ಸೀಮೆ ಮುಟ್ಟಿ, ಬನ್ನಿ ಮುಡಿದು, ಎಲ್ಲರೂ ವಾಡೆಗೆ ತಿರುಗಿ ಬಂದೆವು. ಗಾದಿ ಎದುರಿಗೇ ಇತ್ತು. ಹತ್ತಿ ಕೂತರೆ ಮುಗಿಯಿತು.

ಬಾಳ್ಯಾ ಕೂರಲಿಲ್ಲ. ಕೈಯಲ್ಲಿ ಬನ್ನಿ ಹಿಡಿದು ಅಡಿಗೆಮನೆಯ ಕಡೆಗೆ ತಿರುಗಿದ. ಅಲ್ಲಿ ಬಾಗಿಲ ಮರೆಯಲ್ಲಿ ಗೋದಾಕಾಕುವಿನ ಸೆರಗು ಕಾಣುತ್ತಿತ್ತು. ಅವನು ಹೊಸ್ತಿಲ ತನಕ ಹೋದ, ಬಗ್ಗಿ ಅವಳ ಕಾಲು ಮುಟ್ಟಿದ. ರುಮಾಲು ಬಿತ್ತು. ಬಿದ್ದದ್ದು ಅಲ್ಲೇ ನಿಲ್ಲದೆ ಬಿಚ್ಚಿಕೊಳ್ಳುತ್ತ, ಉರುಳುತ್ತ ಪಡಸಾಲೆಯನ್ನು ದಾಟಿ ಕಾಕಾನ ಕಾಲ ಬಳಿ ಹೋಗಿ ನಿಂತಿತು.

ಬಾಳ್ಯಾ ಬಗ್ಗಿದವನು ಬಗ್ಗಿದಂತೆಯೇ ಇದ್ದ. "ಅವ್ವಾ, ಬನ್ನಿ ತಗೋ. ಮೊದಲಿಂದು ನಿಂದು" ಎಂದ. ಬನ್ನಿ ತಗೊಂಡು ಬಂಗಾರದಂಗ ಇರೋಣ ಎಂದು ಊರೆಲ್ಲ ಹೇಳಿಕೊಳ್ಳುವ ದಿನ ಅದು. ಅಷ್ಟು ವರ್ಷ ಆ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಗೋದಾಕಾಕು ಎಲೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಆಮೇಲೆ ಹೊಸ್ತಿಲು ದಾಟಿದಳು. ಎಲ್ಲರೂ ನೋಡುತ್ತಿದ್ದಂತೆಯೇ ನೆಲದ ಮೇಲಿದ್ದ ರುಮಾಲಿನ ಈ ತುದಿಯನ್ನು ಎತ್ತಿಕೊಂಡಳು. ಆ ತುದಿ ಕಾಕಾನ ಕಾಲ ಹತ್ತಿರ ಇತ್ತು. ಅವರು ಅದನ್ನು ಮೆಟ್ಟಿ ನಿಂತಿದ್ದರೆ ಸಾಕಿತ್ತು, ಒಂದು ಮಾತನ್ನೂ ಆಡಬೇಕಾಗಿರಲಿಲ್ಲ. ಗಾದಿ, ಕೀಲಿಕೈ, ವಾಡೆ ಎಲ್ಲ ಅವರ ಮಕ್ಕಳದಾಗುತ್ತಿತ್ತು. ಕಾಕಾ ತಮ್ಮ ಮಕ್ಕಳ ಮುಖವನ್ನು ಒಮ್ಮೆ ನೋಡಿದರು. ಬಗ್ಗಿ ತುದಿಯನ್ನು ಎತ್ತಿಕೊಂಡು, ಧೂಳು ಕೊಡವಿ, ಬಿಗಿಯಾಗಿ ಹಿಡಿದರು.

"ಸುತ್ರಿ ವೈನಿ. ತುದಿ ನಾ ಹಿಡದೇನಿ" ಎಂದರು.

ಅವಳು ಸುತ್ತಿದಳು. ಕಿವಿಯ ಮೇಲೆ ಜಗ್ಗಿ, ಹಣೆಗೆ ಹೆಬ್ಬೆಟ್ಟು ಕೊಟ್ಟು, ಕತ್ತಿನ ಕುಳಿಯಲ್ಲಿ ಸಡಿಲ ಬಿಟ್ಟು. ಒಬ್ಬೊಬ್ಬರೇ ನಮ್ಮ ತಂದೆಯ ಕಡೆ ನೋಡತೊಡಗಿದರು. ಇದು ನಡೆಯುತ್ತದೆಯೇ ಎಂದು ಯಾರೋ ಕೇಳಿಯೂ ಬಿಟ್ಟರು. ಶಾಸ್ತ್ರದ ವಿಷಯದಲ್ಲಿ ನಮ್ಮಪ್ಪ ಯಾರ ಮುಲಾಜೂ ಇಟ್ಟುಕೊಂಡವರಲ್ಲ. ಅವರು ಜೇಬಿಗೆ ಕೈ ಹಾಕಿದರು, ಗಡಿಯಾರವನ್ನು ಹೊರಗೆ ತೆಗೆಯಲಿಲ್ಲ. "ಮುಹೂರ್ತ ಇನ್ನೂ ಅದ" ಎಂದರು, ಬಾಳ್ಯಾ ಗಾದಿ ಹತ್ತಿ ಕೂತ. ಹೊರಗೆ ಆಗಲೇ ದನಗಳು ಮನೆಗೆ ಬರುವ ಹೊತ್ತಾಗಿತ್ತು. ಆ ಮುಹೂರ್ತ ಯಾವ ಪಂಚಾಂಗದಲ್ಲಿತ್ತೋ, ಅವರನ್ನು ಕೇಳುವ ಧೈರ್ಯ ನನಗೆ ಕೊನೆಯ ತನಕ ಬರಲಿಲ್ಲ. ನಮ್ಮಪ್ಪನ ಬಗ್ಗೆ ನನಗೆ ಅತಿ ಹೆಚ್ಚು ಅಭಿಮಾನವೆನಿಸಿದ್ದು ಅವರ ಪಾಂಡಿತ್ಯಕ್ಕಲ್ಲ, ಆ ಒಂದು ಸುಳ್ಳಿಗೆ.

ಎಷ್ಟೋ ವರ್ಷಗಳ ಮೇಲೆ ನಾನು ಬಾಳ್ಯಾನಿಗೆ, ರುಮಾಲು ಸಡಿಲವಿದೆಯೆಂದು ಗೊತ್ತಿದ್ದೂ ಯಾಕೆ ಬಗ್ಗಿದೆ ಎಂದು ಕೇಳಿದ್ದೆ. ಶಿಗ್ಗಾವಿಯಲ್ಲಿ ವಕೀಲಿಕೆ ಮಾಡುತ್ತ ಆಗಲೇ ಹೆಸರಾಗಿದ್ದ ಅವನು, ಕಕ್ಷಿದಾರನಿಗೆ ಹೇಳುವಂತೆ ಸಮಾಧಾನದಿಂದ ಹೇಳಿದ: "ಬೀಳ್ತದಂತ ಗೊತ್ತಿತ್ತು. ಅವ್ವಗ ಬಗ್ಗದ ತಲಿ ತಗೊಂಡು ಗಾದಿಮ್ಯಾಲೆ ಕುಂತು ಏನು ಮಾಡೂದಿತ್ತು?" ಆ ದಸರೆಯಿಂದ ಆ ಮನೆಯ ಕಟ್ಟಳೆಯೇ ಬದಲಾಯಿತು. ಮೊದಲು ತಾಯಿಗೆ ಬಗ್ಗಬೇಕು, ಆಮೇಲೆ ತಾಯಿಯೇ ರುಮಾಲು ಸುತ್ತಬೇಕು. ಬಾಳ್ಯಾನ ಮಗನ ಸರದಿ ಬಂದಾಗ ಅವನ ತಾಯಿ ನೆಪಕ್ಕೆ ಕೈ ಹಚ್ಚಿದಳಷ್ಟೆ, ಸುತ್ತಿದ್ದು ಅಜ್ಜಿ ಗೋದಾಕಾಕುವೇ. ಈಗ ಅವಳೂ ಇಲ್ಲ.

ಈ ದಸರೆಗೆ ನಿಧಿಯ ಸರದಿ. ಮೀಸೆ ಮೂಡುವ ಲಕ್ಷಣವಿಲ್ಲದ್ದರಿಂದ ಅವಳಿಗೆ ಸ್ಕೂಟರ್ ಲೈಸೆನ್ಸ್ ಬಂದ ವರ್ಷವೇ ಆಗಲಿ ಎಂದು ಬಾಳ್ಯಾ ತೀರ್ಮಾನಿಸಿದ್ದಾನಂತೆ. ಸುತ್ತಬೇಕಾದವಳು ಅಶ್ವಿನಿ. ಹಾನಗಲ್ಲಿನ ಕಾಲೇಜಿನಲ್ಲಿ ಪಾಠ ಮಾಡುವವಳು, ಮೊಬೈಲಿನಲ್ಲಿ ಹತ್ತಾರು ವಿಡಿಯೋ ನೋಡಿದ್ದಾಳೆ. ಅವೆಲ್ಲ ಮದುವೆ ಮಂಟಪದ ಪೇಟಗಳು, ಇದಕ್ಕೆ ಬರುವುದಿಲ್ಲ. "ಅವ್ವನ ಕೈ ನೆನಪಿರೂದು ಆಕಿ ಒಬ್ಬಾಕಿ ತಲಿಗೆ" ಎಂದು ಬಾಳ್ಯಾನೇ ಅವಳನ್ನು ನನ್ನ ಹತ್ತಿರ ಕಳಿಸಿದ್ದನಂತೆ. ನನಗೆ ನಗು ಬಂತು. ನಾನು ಅದನ್ನು ಒಮ್ಮೆಯೂ ಸುತ್ತಿದವಳಲ್ಲ, ಅದರ ಕೆಳಗೆ ಕೂತಿದ್ದವಳು.

ಆದರೂ ಕೂತೆ. ಕಣ್ಣು ಮುಚ್ಚಿಕೊಂಡೆ. ಅಶ್ವಿನಿ ಸುತ್ತತೊಡಗಿದಳು, ನಿಧಿ ತುದಿ ಹಿಡಿದಳು. ಕಿವಿಯ ಹತ್ತಿರ ಬಂದಾಗ ಇಲ್ಲಿ ಜಗ್ಗು ಎಂದೆ, ಹಣೆಯ ಹತ್ತಿರ ಹೆಬ್ಬೆಟ್ಟು ಎಂದೆ. ತಲೆ ಒಂದನ್ನೂ ಮರೆತಿರಲಿಲ್ಲ. ನಿನ್ನೆ ಮೊನ್ನೆಯ ಹೆಸರುಗಳೆಲ್ಲ ಮರೆತುಹೋಗುವ ಈ ತಲೆಯೇ! ಹಿಂದೆ ಕತ್ತಿನ ಕುಳಿಗೆ ಬಂದಾಗ ಗೋದಾಕಾಕುವಿನ ಮಾತು ನನ್ನ ಬಾಯಿಂದಲೇ ಬಂತು, ಉಸಿರಾಡಾಕ ಒಂದೀಟು ಜಾಗಾ ಬಿಡು ಎಂದು. ಕಣ್ಣು ತೆರೆದಾಗ ಒದ್ದೆಯಾಗಿದ್ದವು. ಎದುರಿನ ಕನ್ನಡಿಯಲ್ಲಿ ಕನ್ನಡಕ ಹಾಕಿಕೊಂಡ ಮುದಿ ದೇಸಾಯಿಯೊಬ್ಬಳು ಕೂತಿದ್ದಳು. ಯಜಮಾನರು ಎದ್ದು ನಿಂತು, ದೊರೆಗೆ ಮಾಡುವಂತೆ ಬಗ್ಗಿ ಮುಜರೆ ಮಾಡಿದರು.

ಅಶ್ವಿನಿಗೆ ಹಿಡಿಸಲಾರದಷ್ಟು ಖುಷಿ. ಇಷ್ಟು ಚೆಂದ ಮತ್ತೆ ತನ್ನ ಕೈಯಲ್ಲಿ ಆಗುತ್ತದೋ ಇಲ್ಲವೋ ಎಂದು ಹೆದರಿ, ಬಿಚ್ಚದೆ ಹಾಗೆಯೇ ಎತ್ತಿ ಡಬ್ಬಿಯಲ್ಲಿಟ್ಟು ಒಯ್ಯಲೇ ಎಂದು ಕೇಳಿದಳು. ನಾನು ಎರಡೂ ಕೈಯಿಂದ ರುಮಾಲನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಬ್ಯಾಡವಾ. ಬಿಚ್ಚು. ನಿಧೀ ತಲಿಗೇ ಸುತ್ತಿ ಕಲಿ."

ಮುಹೂರ್ತಕ್ಕೆ ಮೊದಲು ತನ್ನ ತಲೆಗೆ ಮುಟ್ಟಿಸಬಾರದಲ್ಲವೇ ಎಂದು ನಿಧಿ ಅನುಮಾನಿಸಿದಳು. ಆ ಕಟ್ಟಳೆಯೊಂದು ಬಾಕಿ ಉಳಿದಿತ್ತು, ಅದನ್ನು ಇವತ್ತು ನಾವು ಬದಲಿಸಿದೆವು ಎಂದೆ. ಅವಳನ್ನು ನನ್ನ ಜಾಗದಲ್ಲಿ ಕೂರಿಸಿದೆ. ಅವಳು ಕೂತವಳು ಮತ್ತೆ ಎದ್ದು, ಅಶ್ವಿನಿಗೆ ಬಗ್ಗಿ ನಮಸ್ಕಾರ ಮಾಡಿ, ತಲೆಯನ್ನು ಮುಂದೆ ಕೊಟ್ಟು ಕೂತಳು. ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ರುಮಾಲಿನ ಆ ತುದಿಯನ್ನು ಹಿಡಿದುಕೊಂಡು ಕೋಣೆಯ ಬಾಗಿಲ ತನಕ ನಡೆದು, ಬಿಗಿಯಾಗಿ ನಿಂತೆ.

"ಸುತ್ತವಾ ಅಶ್ವಿನಿ" ಎಂದೆ. "ತುದಿ ನಾ ಹಿಡದೇನಿ."