ಅಪ್ಪ ಬರೆದ ನಂಬರ್ ಪ್ಲೇಟು

ನನ್ನ ಅಪ್ಪ ನಂಬರ್ ಪ್ಲೇಟ್ ಬರೆಯುತ್ತಿದ್ದರು. ಮೈಸೂರಿನ ಅಗ್ರಹಾರದಲ್ಲಿ ಸೈಕಲ್ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ ಅವರದೊಂದು ಇಕ್ಕಟ್ಟಾದ ಮಳಿಗೆ. ತೊಂಬತ್ತರ ದಶಕದಲ್ಲಿ ಆಯುಧಪೂಜೆಗೆ ಹದಿನೈದು ದಿನ ಇರುವಾಗಲೇ ಅದರ ಮುಂದೆ ಗಾಡಿಗಳು ಸಾಲುಗಟ್ಟುತ್ತಿದ್ದವು. ಸ್ಕೂಟರು, ಆಟೋ ಎಲ್ಲವೂ ಬರುತ್ತಿದ್ದವು, ಆದರೆ ಅಪ್ಪನಿಗೆ ಪ್ರೀತಿ ಹಳೇ ಕಾರುಗಳ ಮೇಲೆ. ಮೈಸೂರು ರಾಜ್ಯವೆಂಬ ಹೆಸರಿದ್ದಾಗಿನ ನಂಬರು ಹೊತ್ತ, ಗೂನುಬೆನ್ನಿನ ಕಾರುಗಳು. ಕಪ್ಪು ತಗಡಿನ ಮೇಲೆ ಬಿಳಿ ಬಣ್ಣದಲ್ಲಿ ಅಂಥದ್ದೊಂದು ನಂಬರು ಬರೆಯಲು ಅರ್ಧ ದಿನ ಕೂರುತ್ತಿದ್ದರು. ಮಾಲೀಕರು ಕನ್ನಡ ಅಂಕಿ ಬೇಕೆಂದರಂತೂ ಊಟವನ್ನೂ ಮರೆಯುತ್ತಿದ್ದರು. ಅದಕ್ಕೆ ಕಾನೂನಿನ ಒಪ್ಪಿಗೆ ಇಲ್ಲವೆಂದು ಬರೆಸುವವರಿಗೂ ಗೊತ್ತಿತ್ತು, ಬರೆಯುವವರಿಗೂ ಗೊತ್ತಿತ್ತು.

ಆಮೇಲೆ ಬಿಳಿ ತಗಡಿಗೆ ಕಪ್ಪು ಅಕ್ಷರವೇ ಇರಬೇಕೆಂಬ ನಿಯಮ ಬಂತು. ಅದರ ಹಿಂದೆಯೇ ರೇಡಿಯಂ ಸ್ಟಿಕ್ಕರ್ ಬಂತು. ಅಪ್ಪನ ಕೆಲಸ ಕಮ್ಮಿಯಾಯಿತು. ಆದರೂ ದಿನಾ ಹಣೆಗೆ ವಿಭೂತಿ ಹಚ್ಚಿಕೊಂಡು ಹೋಗಿ ಮಳಿಗೆಯ ಬಾಗಿಲು ತೆಗೆಯುತ್ತಿದ್ದರು.

ಅಮ್ಮ ಹೋದದ್ದು ಆ ದಿನಗಳಲ್ಲಿ. ಹಿನಕಲ್‌ನಲ್ಲಿದ್ದ ದೊಡ್ಡಮ್ಮನನ್ನು ನೋಡಿಕೊಂಡು, ಸಂಜೆ ಬಸ್ಸು ಹಿಡಿಯಲು ರಸ್ತೆ ದಾಟುತ್ತಿದ್ದಾಗ ಕಾರೊಂದು ಗುದ್ದಿ ನಿಲ್ಲಿಸದೆ ಹೋಯಿತು. ಅಲ್ಲಿ ಸೊಪ್ಪು ಮಾರುತ್ತಿದ್ದ ಹೆಂಗಸು ಕಂಡದ್ದು ಇಷ್ಟೇ: ಕೆನೆಬಣ್ಣದ ಹಳೇ ಕಾರು. ನಾನು ಕುವೆಂಪುನಗರದ ಕ್ಲಿನಿಕ್ಕೊಂದರಲ್ಲಿ ಚೀಟಿ ಬರೆಯುತ್ತಿದ್ದೆ. ಫೋನು ಅಲ್ಲಿಗೇ ಬಂತು. ಅಮ್ಮ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ಒಮ್ಮೆಯೂ ಕಣ್ಣು ಬಿಡಲಿಲ್ಲ.

ಮಣ್ಣು ಮಾಡಿದ ಮಾರನೆಯ ವಾರ ಠಾಣೆಯಿಂದ ಕರೆ ಬಂತು. ಗಾಡಿಯ ನಂಬರನ್ನು ತಾನೇ ಓದುವ ಕ್ಯಾಮೆರಾವೊಂದನ್ನು ಆ ರಸ್ತೆಯಲ್ಲಿ ಪರೀಕ್ಷೆಗೆಂದು ಹಾಕಿದ್ದರಂತೆ, ಅದರಲ್ಲಿ ಕಾರು ಬಿದ್ದಿದೆಯಂತೆ. ಅಪ್ಪ ಅವತ್ತು ನನಗಿಂತ ಮೊದಲೇ ಚಪ್ಪಲಿ ಮೆಟ್ಟಿ ನಿಂತಿದ್ದರು.

ಸಬ್‌ಇನ್ಸ್‌ಪೆಕ್ಟರು ಮರ್ಯಾದಸ್ಥ ಮನುಷ್ಯ. ಕುರ್ಚಿ ಹಾಕಿಸಿ, ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಕಾರಿನ ಹಿಂಭಾಗದ ಮಸುಕು ಚಿತ್ರ. ಉಳಿದ ಗಾಡಿಗಳ ಚಿತ್ರದ ಕೆಳಗೆಲ್ಲ ನಂಬರು ಮೂಡಿತ್ತು, ಇದರ ಕೆಳಗೆ ಜಾಗ ಖಾಲಿ.

"ಕನ್ನಡ ಅಂಕಿ ಕಣ್ರೀ, ಅದೂ ಚಿತ್ತಾರದ ಥರ. ಮಿಷಿನ್ನಿಗೆ ಓದಕ್ಕೇ ಆಗಿಲ್ಲ. ನಮಗೂ ಕೊನೇದು ಆರೋ ಒಂಬತ್ತೋ ಗೊತ್ತಾಗ್ತಿಲ್ಲ," ಎಂದರು.

ಅಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಬಾಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇದು ನನ್ ಕೈ ಕಣಮ್ಮ."

ನನಗೆ ಅರ್ಥವಾಗಲಿಲ್ಲ. ಅವರೇ ಸಬ್‌ಇನ್ಸ್‌ಪೆಕ್ಟರಿಗೆ ವಿವರಿಸಿದರು. ಆರಕ್ಕೂ ಒಂಬತ್ತಕ್ಕೂ ಇರುವ ವ್ಯತ್ಯಾಸವೆಲ್ಲ ಬಾಲದಲ್ಲಿ. ಅಂದಕ್ಕೆಂದು ತಾನು ಎರಡರ ಬಾಲವನ್ನೂ ಗಿಣಿಯ ಕೊಕ್ಕಿನಂತೆ ಎಳೆಯುತ್ತಿದ್ದೆ, ಊರಿನಲ್ಲಿ ಬೇರೆ ಯಾರೂ ಹಾಗೆ ಬರೆಯುತ್ತಿರಲಿಲ್ಲ ಎಂದರು. ಹಾಗಾದರೆ ಇದು ಯಾವುದು ಎಂದು ಸಬ್‌ಇನ್ಸ್‌ಪೆಕ್ಟರು ಕೇಳಿದರು. ಅಪ್ಪನಿಗೂ ಹೇಳಲಾಗಲಿಲ್ಲ. ಯಾರ ಕಾರಿಗೆ ಬರೆದದ್ದೆಂದೂ ನೆನಪಿರಲಿಲ್ಲ.

ಪೊಲೀಸರು ಎರಡೂ ನಂಬರಿನ ವಿಳಾಸ ತೆಗೆಸಿ ವಿಚಾರಿಸಿ ಬಂದರು. ಅಪ್ಪನಿಗೆ ಅಷ್ಟು ಸಾಲಲಿಲ್ಲ. ತಾನೇ ನೋಡಬೇಕೆಂದು ಹಟ ಹಿಡಿದರು. ಒಂಬತ್ತರ ಕಾರು ಕುವೆಂಪುನಗರದ ಮನೆಯೊಂದರ ಹಿತ್ತಲಿನಲ್ಲಿ, ಚಕ್ರವಿಲ್ಲದೆ ಇಟ್ಟಿಗೆಗಳ ಮೇಲೆ ಕೂತಿತ್ತು. ಅದರ ನಂಬರು ಇಂಗ್ಲಿಷಿನಲ್ಲಿತ್ತು. ಅಂದಮೇಲೆ ಆರೇ.

ಆರರ ವಿಳಾಸ ನಮ್ಮ ಮಳಿಗೆಯಿಂದ ಎರಡು ಬೀದಿ ಆಚೆ. ಮಾಲೀಕರು ತೀರಿಕೊಂಡು ವರ್ಷಗಳಾಗಿದ್ದವು. ಮಗ ಒಳಗೆ ಕರೆದು ಕೂರಿಸಿದರು. ತಂದೆ ಸತ್ತ ವರ್ಷವೇ ಕಾರನ್ನು ಬ್ರೋಕರ್ ಒಬ್ಬನಿಗೆ ಕೊಟ್ಟೆವು, ಕಾಗದಪತ್ರ ಅವನೇ ಬದಲಾಯಿಸಿಕೊಳ್ಳಬೇಕಿತ್ತು, ಈಗ ಅವನೂ ಬದುಕಿಲ್ಲ ಎಂದರು. ಪೊಲೀಸರಿಗೂ ಅದನ್ನೇ ಹೇಳಿದ್ದರಂತೆ. ಸುಳ್ಳು ಹೇಳುವ ಮುಖವಾಗಿರಲಿಲ್ಲ. ನಾವು ಏಳುವಾಗ ಅವರಿಗೆ ಏನೋ ನೆನಪಾಯಿತು.

"ಆ ನಂಬರ್ ಪ್ಲೇಟ್ ಕಂಡ್ರೆ ನಮ್ಮಪ್ಪಂಗೆ ಬಾಳ ಇಷ್ಟ. ಬೆಳಿಗ್ಗೆ ಎದ್ದು ಅದುನ್ನೇ ಒರೆಸೋರು. ಯಾರ್ ಬರ್ದಿದ್ರೋ ಏನೋ, ದೇವ್ರಂಥ ಕೈ."

ಅಪ್ಪ ತಲೆಯಾಡಿಸಿ ಹೊರಗೆ ಬಂದರು. ಬೀದಿಯ ತಿರುವಿನಲ್ಲಿ ಗೋಡೆ ಹಿಡಿದು ನಿಂತರು. ನೀರು ಬೇಕಾ ಎಂದು ಕೇಳಿದೆ, ಬೇಡವೆಂದರು. ನೆಟ್ಟಗೆ ಬರೆದಿದ್ದರೆ ಮಿಷಿನ್ನು ಅವತ್ತೇ ಓದುತ್ತಿತ್ತು, ಕಾರು ಊರು ಬಿಡುವ ಮೊದಲೇ ಸಿಗುತ್ತಿತ್ತು ಅಂತ ತಮ್ಮಷ್ಟಕ್ಕೇ ಹೇಳಿಕೊಂಡರು. ಹಾಗೆಲ್ಲ ಅನ್ನಬೇಡಿ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಆ ಮಾತು ಅಷ್ಟು ದಿನದಿಂದ ನನ್ನ ಮನಸ್ಸಿನಲ್ಲೂ ಇತ್ತು. ನಾನು ಸುಮ್ಮನಿದ್ದದ್ದರಿಂದಲೇ ಅವರಿಗೆ ಅದು ತಿಳಿದುಹೋಯಿತು ಎಂದು ಈಗ ಅನ್ನಿಸುತ್ತದೆ.

ಕೆಲವು ತಿಂಗಳ ನಂತರ, ವಾಹನ ಪತ್ತೆಯಾಗದ ಕಾರಣ ಪ್ರಕರಣ ಮುಗಿಸಲಾಗಿದೆ ಎಂಬ ಕಾಗದ ಬಂತು. ಅಪ್ಪ ಮಳಿಗೆಗೆ ಮತ್ತೆ ಹೋಗಲಿಲ್ಲ. ಮನೆಯ ಜಗಲಿಯಲ್ಲಿ ರಸ್ತೆಗೆ ಬೆನ್ನು ಹಾಕಿ ಕೂರುತ್ತಿದ್ದರು. ಗಾಡಿ ಬಂದ ಸದ್ದಾದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಊಟಕ್ಕೆ ಕರೆದರೆ ಬರುತ್ತಿದ್ದರು, ಬಡಿಸಿದಷ್ಟು ಉಣ್ಣುತ್ತಿದ್ದರು. ನಾವಿಬ್ಬರೂ ಅಮ್ಮನ ಮಾತೆತ್ತುತ್ತಿರಲಿಲ್ಲ. ಅಪ್ಪ ಹೋಗುವ ತನಕ, ಹಾಗೇ ಮೂರು ವರ್ಷ ಇದ್ದೆವು.