ಕಿಮೋ ವಾರ್ಡಿನಿಂದ ಹೊರಬಿದ್ದ ಒಣಗ್ಲಿಯಣ್ಣ

"ಕಸ ಹೊಡೆಯೋನು ಕಸ ಹೊಡ್ಕೊಂಡು ಬಿದ್ದಿರ್ಬೇಕು! ನಮ್ಮಮ್ಮನ ಜ್ವರ ಕಟ್ಕೊಂಡು ನಿನಗೇನೋ ಆಗ್ಬೇಕು? ಎಂಜಲು ಬುಟ್ಟಿ ಕೆದಕೋ ನಾಯಿ ಬುದ್ಧಿ ನಿಂದು!"

ಕಿಮೋ ವಾರ್ಡಿನಲ್ಲಿ ಹದಿನೆಂಟು ಕುರ್ಚಿಗಳಿವೆ. ಅವತ್ತು ಒಂದೂ ಖಾಲಿ ಇರಲಿಲ್ಲ. ಡ್ರಿಪ್ ಹಾಕಿಸಿಕೊಂಡು ಕೂತವರು, ಅವರ ಪಕ್ಕದ ಸ್ಟೂಲಿನಲ್ಲಿ ಕೂತ ಮನೆಯವರು, ಇಬ್ಬರು ನರ್ಸ್‌ಗಳು, ಇಷ್ಟೂ ಜನರೆದುರು ಈ ಮಾತು ಬಿತ್ತು. ಅನ್ನಿಸಿಕೊಂಡವರು ಐವತ್ತೆರಡು ವರ್ಷದ ಕ್ಲೀನರ್. ಅಂದವನಿಗೆ ಇಪ್ಪತ್ತನಾಲ್ಕು. ಅಂದವನು ನಾನೇ.

ಅವರು ಮಾಡಿದ ತಪ್ಪು ಇಷ್ಟು. ಅಮ್ಮನ ಕುರ್ಚಿಯ ಪಕ್ಕದ ಬುಟ್ಟಿ ಖಾಲಿ ಮಾಡುವಾಗ ಜ್ವರದ ಮಾತ್ರೆಯ ಖಾಲಿ ಹಾಳೆ ಕಂಡಿದ್ದು, ಅದನ್ನು ಎರಡು ಬೆರಳಲ್ಲಿ ಎತ್ತಿ ಹಿರಿಯ ನರ್ಸಕ್ಕನಿಗೆ ತೋರಿಸಿದ್ದು. ಡ್ರಿಪ್ ಇನ್ನೇನು ಶುರುವಾಗಬೇಕಿತ್ತು, ನಿಂತುಹೋಯಿತು. ನಾನು ಅರಚಿದ ಮೇಲೆ ಆ ಮನುಷ್ಯ ಕೇಳಿದ್ದು ಒಂದೇ ಪ್ರಶ್ನೆ.

"ರಾತ್ರಿ ಜ್ವರ ಎಷ್ಟಿತ್ತು ತಮ್ಮಾ?"

ಈಗ ನಾಲ್ಕು ತಿಂಗಳ ನಂತರ, ಬೆಳಗಿನ ಐದೂವರೆಗೆ, ಅವರು ಅದೇ ಆಸ್ಪತ್ರೆಯ ಹಿಂಬದಿಯ ಮೆಟ್ಟಿಲು ಒರೆಸುತ್ತಿದ್ದಾರೆ. ಮೇಲಿನಿಂದ ಕೆಳಕ್ಕೆ, ಹಿಮ್ಮುಖವಾಗಿ, ತಾವು ಒರೆಸಿದ ಮೆಟ್ಟಿಲನ್ನು ತಾವೇ ತುಳಿಯದಂತೆ ಇಳಿಯುತ್ತಾರೆ. ಒಟ್ಟು ನೂರಾ ಹನ್ನೆರಡು ಮೆಟ್ಟಿಲು, ದಿನಕ್ಕೆ ಮೂರು ಸಲ. ಮೊಣಕಾಲಿಗೆ ಹಳೆಯ ಟವೆಲ್ ಸುತ್ತಿಕೊಂಡಿದ್ದಾರೆ. ಶಿಫ್ಟ್ ಮುಗಿಸಿದ ವಾಚ್‌ಮನ್ ಮೇಲಿನಿಂದ ಬೂಟು ಹಾಕಿಕೊಂಡು ದಡದಡ ಇಳಿಯಲು ನೋಡಿದರೆ ಕೈ ಅಡ್ಡ ಹಿಡಿಯುತ್ತಾರೆ.

"ಒಣಗ್ಲಿ, ಒಣಗ್ಲಿ."

"ಅಣ್ಣಾ, ಇದೇನು ಆಪರೇಷನ್ ಥಿಯೇಟರಾ?"

"ನಿನ್ನ ಬೂಟಿಗೆ ಗೊತ್ತಾಗತ್ತಾ ಇದು ಮೆಟ್ಟಿಲೋ ಥಿಯೇಟರೋ ಅಂತ? ನಿಂತ್ಕೊ."

ವಾಚ್‌ಮನ್ ನಗುತ್ತಾ ನಿಲ್ಲುತ್ತಾನೆ. ಎಲ್ಲರೂ ನಿಲ್ಲುತ್ತಾರೆ. ಹನ್ನೊಂದು ವರ್ಷ ಕಿಮೋ ವಾರ್ಡಿನಲ್ಲಿ ಈ ಒಂದು ಮಾತನ್ನು ಹೇಳಿ ಹೇಳಿ ಅವರ ಹೆಸರೇ ಒಣಗ್ಲಿಯಣ್ಣ ಆಗಿಹೋಗಿದೆ. ಕೈಗೆ ಸ್ಯಾನಿಟೈಸರ್ ಹಾಕಿಕೊಂಡು ತಕ್ಷಣ ರೋಗಿಯನ್ನು ಮುಟ್ಟಲು ಹೋದರೆ ಒಣಗ್ಲಿ. ಕುರ್ಚಿ ಒರೆಸಿದ ಕೂಡಲೇ ಕೂರಲು ಹೋದರೆ ಒಣಗ್ಲಿ. ಔಷಧಿ ಹಚ್ಚಿದ ಜಾಗ ತಾನಾಗಿ ಒಣಗುವವರೆಗೆ ಅದರ ಕೆಲಸ ಮುಗಿದಿರುವುದಿಲ್ಲ ಎಂಬುದು ಅವರ ಲೆಕ್ಕ. ಡಾಕ್ಟರುಗಳ ಲೆಕ್ಕವೂ ಅದೇ. ವ್ಯತ್ಯಾಸ ಇಷ್ಟೇ, ಡಾಕ್ಟರಿಗೆ ಕಾಯಲು ಪುರುಸೊತ್ತಿರುವುದಿಲ್ಲ, ಇವರು ಕಾಯುತ್ತಾರೆ.

ಕಿಮೋ ಔಷಧಿ ಕ್ಯಾನ್ಸರಿನ ಕೆಟ್ಟ ಜೀವಕೋಶಗಳನ್ನು ಹುಡುಕಿ ಹೊಡೆಯುವಾಗ ಒಳ್ಳೆಯವನ್ನೂ ಹೊಡೆದುಹಾಕುತ್ತದೆ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಡೋಸ್ ಆದ ಏಳೆಂಟು ದಿನಕ್ಕೆ ಪಾತಾಳಕ್ಕಿಳಿಯುತ್ತವೆ. ವಾರ್ಡಿನವರ ಬಾಯಲ್ಲಿ ಅದು "ಕೌಂಟ್ ಬಿದ್ದಿದೆ." ಆಗ ನಮಗೆ ನಿಮಗೆ ಒಂದು ಸೀನಿನಲ್ಲಿ ಮುಗಿಯುವ ನೆಗಡಿ ರೋಗಿಯನ್ನು ಐಸಿಯುಗೆ ಒಯ್ಯಬಹುದು. ಆಗ ಜ್ವರ ಒಂದೇ ಸೂಚನೆ. ಕೀವು ಕಟ್ಟಲೂ ಮೈಯಲ್ಲಿ ಶಕ್ತಿ ಇರುವುದಿಲ್ಲ, ಕೆಂಪಾಗಲೂ ಇರುವುದಿಲ್ಲ. ಆ ಒಂದು ಸೂಚನೆಯನ್ನೂ ಮಾತ್ರೆ ಕೊಟ್ಟು ಅಳಿಸಿ ಹಾಕಿದರೆ ಡಾಕ್ಟರ್ ಕುರುಡರಾಗುತ್ತಾರೆ. ಇದನ್ನು ನನಗೆ ಹೇಳಿರಲಿಲ್ಲ ಎನ್ನಲಾರೆ. ಮೊದಲ ದಿನ ಕೊಟ್ಟ ಕಾಗದದ ಎರಡನೇ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಆ ಕಾಗದದ ಮೇಲೆ ನಾನು ಟೀ ಲೋಟ ಇಟ್ಟಿದ್ದೆ.

ಒಣಗ್ಲಿಯಣ್ಣ ಓದಿದ್ದು ನಾಲ್ಕನೇ ಕ್ಲಾಸು. ಹೋಟೆಲಿನಲ್ಲಿ ಹನ್ನೆರಡು ವರ್ಷ ತಟ್ಟೆ ತೊಳೆದರು, ಆಮೇಲೆ ಲಾಂಡ್ರಿಯಲ್ಲಿ ಹಬೆಯ ಮುಂದೆ ನಿಂತರು. ಆಸ್ಪತ್ರೆಗೆ ಬಂದಾಗ ಅವರ ಕೈಗೆ ಒಂದು ಮಾಪ್ ಕೊಟ್ಟು "ಹೊಡಿ" ಅಂದರಂತೆ. ಉಳಿದದ್ದೆಲ್ಲ ನೋಡಿ ಕಲಿತದ್ದು. ವಾರ್ಡಿನಲ್ಲಿದ್ದಾಗ ಬೆಳಗ್ಗೆ ಆರಕ್ಕೆ ಶುರು. ಮೊದಲು ಎಲ್ಲ ನಲ್ಲಿಗಳನ್ನು ತಿರುಗಿಸಿ, ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರು ಹರಿದುಹೋಗಲು ಬಿಡುವುದು. ಕಿಟಕಿಯ ಕಡೆಯಿಂದ ಬಾಗಿಲ ಕಡೆಗೆ, ಮೇಲಿನಿಂದ ಕೆಳಕ್ಕೆ ಒರೆಸುವುದು. ಒಂದು ಕುರ್ಚಿಗೆ ಒಂದು ಬಟ್ಟೆ, ಬಟ್ಟೆ ಕೊಡವುವ ಹಾಗಿಲ್ಲ. ಕಕ್ಕಸಿಗೆ ಬೇರೆ ಬಕೆಟ್ಟು, ಅದಕ್ಕೆ ಕೆಂಪು ದಾರ. ಕೌಂಟ್ ಬಿದ್ದವರನ್ನು ಒಬ್ಬೊಬ್ಬರನ್ನೇ ಇಡುವ ನಾಲ್ಕು ಪ್ರತ್ಯೇಕ ಕೋಣೆಗಳಿಗೆ ಎಲ್ಲಕ್ಕಿಂತ ಮೊದಲು, ಶುದ್ಧ ನೀರಿನಲ್ಲಿ. ಇಪ್ಪತ್ತೆರಡು ಬಾಗಿಲ ಹಿಡಿಗಳು, ದಿನಕ್ಕೆ ಐದು ಸಲ.

ಬರುವವರನ್ನು ತಡೆಯುವುದೂ ಅವರದೇ ಕೆಲಸವಾಗಿತ್ತು. ಯಾರೂ ಹೇಳಿರಲಿಲ್ಲ, ತಾವೇ ಹಚ್ಚಿಕೊಂಡಿದ್ದು. ಹೂಗುಚ್ಛ ಹಿಡಿದು ಬಂದವರಿಗೆ, "ಹೂವು ಚಂದ ಇದೆ ಅಕ್ಕ, ಹೂದಾನಿ ನೀರು ಕೊಳಕು. ಫೋಟೋ ತೆಗೆದು ತೋರಿಸಿ, ಬಾಡೋದೂ ಇಲ್ಲ." ಮೂಗು ಸೊರಸೊರ ಎನ್ನುತ್ತಾ ಅತ್ತಿಗೆಯನ್ನು ನೋಡಲು ಬಂದ ಮೈದುನನಿಗೆ, "ನೆಗಡಿ ಇದ್ರೆ ಪ್ರೀತೀನ ಫೋನಲ್ಲೇ ತೋರಿಸಿ ಸ್ವಾಮಿ." ಬೈಸಿಕೊಂಡವರು ಬಾಗಿಲಾಚೆ ಅವರನ್ನು ಬೈದು ಹೋಗುತ್ತಿದ್ದರು. ಒಳಗಿನವರು ಬೋಳು ತಲೆಯ ಮೇಲೆ ಟೋಪಿ ಸರಿಮಾಡಿಕೊಂಡು ನಗುತ್ತಿದ್ದರು.

ಬುಟ್ಟಿಯ ವಿಷಯಕ್ಕೆ ಬರೋಣ.

"ಬುಟ್ಟೀನ ಸುಮ್ನೆ ಬಗ್ಗಿಸಬಾರದು ತಮ್ಮಾ. ನೋಡ್ಬೇಕು," ಎನ್ನುತ್ತಾರೆ ಒಣಗ್ಲಿಯಣ್ಣ, ಮೆಟ್ಟಿಲ ಮೇಲೆ ಬಕೆಟ್ಟಿನ ಪಕ್ಕ ಕೂತು. "ಊಟ ಹಾಗೇ ಇದ್ರೆ ಬಾಯಲ್ಲಿ ಹುಣ್ಣು. ಟಿಶ್ಯೂಲಿ ರಕ್ತ ಇದ್ರೆ ವಸಡು. ನರ್ಸಕ್ಕ ಕೇಳಿದ್ರೆ ಯಾರೂ ಹೇಳಲ್ಲ. ಎಲ್ಲಾ 'ಆರಾಮ್' ಅಂತಾರೆ. ಬುಟ್ಟಿ ಸುಳ್ಳು ಹೇಳಲ್ಲ."

ಇದನ್ನು ಅವರು ಕಲಿತದ್ದು ಹೇಗೆ ಎಂದು ಕೇಳಿದಾಗ ಸ್ವಲ್ಪ ಹೊತ್ತು ಬಟ್ಟೆ ಹಿಂಡುತ್ತಾರೆ. ಹಿಂಡಲು ಅದರಲ್ಲಿ ನೀರಿಲ್ಲ.

ಮೂರು ವರ್ಷದ ಹಿಂದೆ ಏಳನೇ ಕುರ್ಚಿಗೆ ನಿವೃತ್ತ ಟೀಚರಮ್ಮ ಒಬ್ಬರು ಬರುತ್ತಿದ್ದರು. ಡ್ರಿಪ್ ಮುಗಿಯುವ ನಾಲ್ಕು ಗಂಟೆ ಸುಮ್ಮನೆ ಕೂರಲಾಗದೆ ಅವರು ಒಣಗ್ಲಿಯಣ್ಣನಿಗೆ ಮಾತ್ರೆ ಹಾಳೆಗಳ ಮೇಲಿನ ಹೆಸರು ಓದಿಸುತ್ತಿದ್ದರು. ಇದು ವಾಂತಿಗೆ, ಇದು ಜ್ವರಕ್ಕೆ, ಇದು ಹೊಟ್ಟೆಗೆ. ತಪ್ಪಿದರೆ "ದಡ್ಡ, ಮತ್ತೆ ಓದು" ಎಂದು ಎಲ್ಲರೆದುರೂ ಗದರುತ್ತಿದ್ದರಂತೆ. ಒಂದು ದಿನ ಅವರದೇ ಬುಟ್ಟಿಯಲ್ಲಿ ಜ್ವರದ ಮಾತ್ರೆಯ ಹಾಳೆ ಇತ್ತು.

"ಓದಿದೆ. ಅವರೇ ಕಲಿಸಿದ್ದಲ್ವಾ, ಪಟ್ ಅಂತ ಓದಿದೆ. ಆದ್ರೆ ಕ್ಲೀನರ್‌ಗಳು ರೋಗಿ ವಿಚಾರ ಮಾತಾಡ್ಬಾರದು ಅಂತ ರೂಲ್ಸು. ಹೇಳಿದ್ರೆ ಟೀಚರಮ್ಮಂಗೂ ಬೇಜಾರು ಅನ್ಕೊಂಡೆ. ಚೀಲಕ್ಕೆ ಹಾಕಿ ಗಂಟು ಕಟ್ದೆ." ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕುತ್ತಾರೆ. "ಆಮೇಲೆ ಅವರು ಬರ್ಲಿಲ್ಲ. ಐದನೇ ದಿನ ನರ್ಸಕ್ಕ ಹೇಳಿದ್ರು, ಹೋಗ್ಬಿಟ್ರು ಅಂತ. ಯಾರಿಗೂ ನಾನು ಈ ಮಾತು ಹೇಳಿಲ್ಲ. ನನ್ನ ಹೆಂಡ್ತಿಗೆ ಬಿಟ್ಟು."

ಅವತ್ತಿನಿಂದ ಅವರು ಬುಟ್ಟಿ ನೋಡಿ ಕಂಡದ್ದನ್ನೆಲ್ಲ ನರ್ಸಕ್ಕನಿಗೆ ಹೇಳುತ್ತಾ ಬಂದರು. ರೂಲ್ಸು ಮುರಿದೇ ಹೇಳಿದರು. ನರ್ಸಕ್ಕ ಮೇಲಿನವರಿಗೆ ತಿಳಿಸಲಿಲ್ಲ. ಮೂರು ವರ್ಷದಲ್ಲಿ ಹೀಗೆ ಹದಿಮೂರು ಜನರ ಜ್ವರ ಸಿಕ್ಕಿತು ಎನ್ನುತ್ತಾರೆ ಆಕೆ. ಹದಿಮೂರನೆಯದು ನಮ್ಮಮ್ಮನದು.

ನಾನು ಅರಚಿದ ದಿನದ ಹಿಂದಿನ ರಾತ್ರಿ ಅಮ್ಮನಿಗೆ ಜ್ವರ ನೂರಾ ಒಂದಿತ್ತು. ಕಿಮೋದ ಎರಡನೇ ಸುತ್ತಿನಲ್ಲಿ ಒಂದು ಡೇಟ್ ಮುಂದೆ ಹೋಗಿತ್ತು, ಅವಳು ಎರಡು ದಿನ ಅತ್ತಿದ್ದಳು. ಡೇಟ್ ತಪ್ಪಿದರೆ ಗಡ್ಡೆ ಮತ್ತೆ ಬೆಳೆಯುತ್ತದೆ ಎಂದು ಅವಳ ತಲೆಯಲ್ಲಿ ಕೂತಿತ್ತು. "ಮಾತ್ರೆ ಕೊಡೋ, ಡ್ರಿಪ್ ಆಗೋವರೆಗೂ ತಡೆದರೆ ಸಾಕು" ಎಂದಳು. ಬೆಳಗ್ಗೆ ಐದಕ್ಕೆ ಎರಡು ಕೊಟ್ಟೆ. ಹನ್ನೊಂದಕ್ಕೆ, ಕುರ್ಚಿಯಲ್ಲಿ ಕೂರಿಸಿ, ನರ್ಸ್ ಅತ್ತ ತಿರುಗಿದಾಗ ಇನ್ನೊಂದು. ಎರಡು ದಿನ ಹಿಂದಿನ ರಕ್ತದ ರಿಪೋರ್ಟ್ ಪರವಾಗಿಲ್ಲ ಎಂದಿತ್ತು, ಥರ್ಮಾಮೀಟರ್ ನಾರ್ಮಲ್ ಎಂದಿತು. ಆಸ್ಪತ್ರೆಗೇ ಟೋಪಿ ಹಾಕಿದೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ನರ್ಸಕ್ಕ ಹಾಳೆ ಹಿಡಿದು ಕೇಳಿದಾಗ ಅಮ್ಮನಿಗೆ ಸುಳ್ಳು ಬರಲಿಲ್ಲ. ಮತ್ತೆ ರಕ್ತ ತೆಗೆದರು. ಸಾವಿರಗಳಲ್ಲಿ ಇರಬೇಕಾದ ಬಿಳಿಕಣ ಆರುನೂರಕ್ಕೆ ಇಳಿದಿತ್ತು. ಅಮ್ಮ ಒಂಬತ್ತು ದಿನ ಪ್ರತ್ಯೇಕ ಕೋಣೆಯಲ್ಲಿದ್ದಳು. ಅವತ್ತು ಡ್ರಿಪ್ ಒಳಗೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರನ್ನು ಕೇಳಿದೆ. "ಆ ಪ್ರಶ್ನೆ ಬಿಡಿ" ಎಂದರು.

ಆದರೆ ಅಷ್ಟರಲ್ಲಿ ನಾನು ನನ್ನ ಕೆಲಸ ಮುಗಿಸಿದ್ದೆ. ರಕ್ತದ ರಿಪೋರ್ಟ್ ಬರುವ ಮೊದಲೇ ಕೆಳಗಿಳಿದು ದೂರಿನ ಪುಸ್ತಕ ಕೇಳಿ ಪಡೆದು ಒಂದು ಪುಟ ಪೂರ್ತಿ ಬರೆದಿದ್ದೆ. ಕ್ಲೀನರ್ ರೋಗಿಗಳ ಕಸ ಕೆದಕುತ್ತಾನೆ, ಮನೆ ವಿಚಾರ ಬಯಲು ಮಾಡುತ್ತಾನೆ ಎಂದು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಬರೆಯಲು ಬರುತ್ತದೆ ಎಂಬ ಸೊಕ್ಕು ಬೇರೆ. ಮಾರನೇ ದಿನವೇ ಅವರನ್ನು ಮೆಟ್ಟಿಲಿಗೆ ಹಾಕಿದರು. ನನಗೆ ವಿಷಯ ತಿಳಿದದ್ದು ನಾಲ್ಕನೇ ದಿನ. ಆಗಲೇ ಹೋಗಿ ದೂರು ವಾಪಸು ಪಡೆಯಬಹುದಿತ್ತು. ನಾಳೆ ಎಂದುಕೊಂಡೆ. ಎದುರಿಗೆ ಸಿಗಬಾರದೆಂದು ನಾಲ್ಕು ತಿಂಗಳು ಲಿಫ್ಟಿನಲ್ಲಿ ಓಡಾಡಿದೆ. ಅಮ್ಮನ ಆರೂ ಸುತ್ತು ಮುಗಿದವು. ಅವಳು ಈಗ ಮನೆಯಲ್ಲಿದ್ದಾಳೆ, ಕೂದಲು ಅರ್ಧ ಇಂಚು ಬಂದಿದೆ. "ಆ ಅಣ್ಣನ್ನ ನೋಡಿದ್ಯೇನೋ?" ಎಂದು ಅವಳು ವಾರಕ್ಕೊಮ್ಮೆ ಕೇಳುತ್ತಿದ್ದಳು. ಅವಳ ಮುಖ ನೋಡಲಾಗದೆ ಎದ್ದು ಹೋಗುತ್ತಿದ್ದೆ. ಕೊನೆಗೊಂದು ಬೆಳಗ್ಗೆ ಲಿಫ್ಟು ಬಿಟ್ಟು, ಅವರನ್ನು ಹುಡುಕಿಕೊಂಡು ಹಿಂಬದಿಯ ಮೆಟ್ಟಿಲು ಹತ್ತಿದೆ.

ಒಣಗ್ಲಿಯಣ್ಣನ ಮನೆ ಒಂದು ಕೋಣೆಯದು. ಹೆಂಡತಿ ಹೊಲಿಗೆ ಮಿಷನ್ನಿನಿಂದ ಕಣ್ಣೆತ್ತದೆ ಮಾತಾಡುತ್ತಾರೆ. "ಮೊದಲೆಲ್ಲಾ ಬಂದ ತಕ್ಷಣ ವಾರ್ಡಿಂದೇ ಕಥೆ. ಯಾರಿಗೆ ಕೌಂಟ್ ಎಷ್ಟು, ಯಾರು ಊಟ ಮಾಡಿದ್ರು. ಏನ್ರೀ, ನನ್ನ ಕೌಂಟ್ ಎಷ್ಟು ಅಂತ ಯಾವತ್ತಾದ್ರೂ ಕೇಳಿದ್ದೀರಾ ಅಂತ ಜಗಳ ಆಡ್ತಿದ್ದೆ. ಈಗ ಬಾಯೇ ಬಿಡಲ್ಲ. ಜಗಳಕ್ಕೂ ಗತಿ ಇಲ್ಲ." ನಾನು ಯಾರೆಂದು ಆಕೆಗೆ ಗೊತ್ತು. ಆದರೂ ಟೀ ಕೊಟ್ಟರು.

ವಾರ್ಡಿನಲ್ಲಿ ಈಗ ಬೇರೆಯವರಿದ್ದಾರೆ. ತಿಂಗಳಿಗೊಬ್ಬರು ಬದಲಾಗುತ್ತಾರೆ. ಕೆಂಪು ದಾರದ ಕಕ್ಕಸಿನ ಬಕೆಟ್ಟು ಕುರ್ಚಿಗಳ ನಡುವೆ ನಿಂತಿದ್ದನ್ನು ನಾನೇ ನೋಡಿದೆ. ಬುಟ್ಟಿಗಳು ನೇರ ಚೀಲಕ್ಕೆ. "ನನಗೇನೂ ಬೇಡ ತಮ್ಮಾ," ಎನ್ನುತ್ತಾರೆ ಒಣಗ್ಲಿಯಣ್ಣ. "ವಾಪಸ್ ಒಳಗೆ ಬಿಟ್ರೆ ಸಾಕು. ಯಾರು ಬಂದಿದ್ದಾರೋ, ಯಾರು ಏನು ಮುಚ್ಚಿಡ್ತಿದ್ದಾರೋ. ಇಲ್ಲಿ ಕೂತು ಅದೇ ಯೋಚನೆ."

ಹಾಗಾಗಿ ಈ ಸೋಮವಾರ ನಾನು ದೂರು ವಾಪಸ್ ಪಡೆಯುವ ಅರ್ಜಿ ಹಿಡಿದು ಕ್ಲೀನಿಂಗ್ ಕೆಲಸದವರ ಸೂಪರ್‌ವೈಸರ್ ಮುಂದೆ ನಿಂತಿದ್ದೇನೆ. ತಪ್ಪು ನನ್ನದು, ಅವರು ನಮ್ಮಮ್ಮನ ಜೀವ ಉಳಿಸಿದರು ಎಂದು ಬರೆದಿದ್ದೇನೆ. ಅವನು ಓದುವುದೂ ಇಲ್ಲ. "ದೂರು ಕೊಟ್ಟೋರೇ ಬೇಡ ಅಂದ್ರೆ ನಮಗೇನ್ರೀ," ಎಂದು ಫೈಲಿಗೆ ಸಿಕ್ಕಿಸಿ, ಒಣಗ್ಲಿಯಣ್ಣನನ್ನು ಕರೆಸುತ್ತಾನೆ. ಅವರು ಬಕೆಟ್ಟನ್ನು ಬಾಗಿಲಾಚೆ ಇಟ್ಟು ಒಳಗೆ ಬರುತ್ತಾರೆ. ಕೂರಲು ಹೇಳುವವರಿಲ್ಲ. ಸೂಪರ್‌ವೈಸರ್ ಟೈಪ್ ಮಾಡಿದ ಕಾಗದ ಒಂದನ್ನೂ ಪೆನ್ನನ್ನೂ ಅವರ ಮುಂದೆ ತಳ್ಳುತ್ತಾನೆ.

"ಸಹಿ ಹಾಕು. ನಾಳೆಯಿಂದ ವಾರ್ಡಿಗೆ ಹೋಗು."

ಅವರು ಅಕ್ಷರದ ಕೆಳಗೆ ಬೆರಳಿಟ್ಟು ಓದುತ್ತಾರೆ. ರೋಗಿಗಳ ವಿಚಾರವನ್ನು ಇನ್ನು ಮುಂದೆ ಯಾರ ಬಳಿಯೂ ಮಾತಾಡುವುದಿಲ್ಲ. ಬುಟ್ಟಿಯಲ್ಲಿ ಏನಿದೆ ಎಂದು ನೋಡುವುದಿಲ್ಲ. ಸೂಪರ್‌ವೈಸರ್ ಎರಡು ಸಲ ಗಡಿಯಾರ ನೋಡುತ್ತಾನೆ.

"ಸಾರ್, ಜ್ವರದ ಮಾತ್ರೆ ಹಾಳೆ ಕಂಡ್ರೆ?"

"ಕಂಡ್ರೆ ಕಾಣ್ಲಿಲ್ಲ ಅಂದ್ಕೋ."

"ಕಂಡಿರತ್ತಲ್ಲ ಸಾರ್."

"ನೋಡಪ್ಪ, ನೀನೇನು ಡಾಕ್ಟರಲ್ಲ. ವಾರ್ಡು ಬೇಕೋ ಬೇಡ್ವೋ, ಅಷ್ಟು ಹೇಳು."

ನನಗೆ ಆ ಮೇಜನ್ನೇ ಮಗುಚಿ ಹಾಕುವಷ್ಟು ಸಿಟ್ಟು ಬರುತ್ತದೆ. ಆದರೆ ನನ್ನ ಬಾಯಿಂದ ಬರುವುದು ಬೇರೆ. "ಸಹಿ ಹಾಕ್ಬಿಡಿ ಅಣ್ಣಾ. ಬರೀ ಕಾಗದ ತಾನೆ. ಒಳಗೆ ಹೋದ್ಮೇಲೆ ಯಾರು ನೋಡ್ತಾರೆ?"

ಅವರು ತಿರುಗಿ ನನ್ನನ್ನು ನೋಡುತ್ತಾರೆ. ಬೈದಿದ್ದರೆ ಚೆನ್ನಾಗಿತ್ತು. ನಾನು ನೆಲ ನೋಡುತ್ತೇನೆ. ಪೆನ್ನಿಗೆ ಮುಚ್ಚಳ ಹಾಕುವ ಸದ್ದು ಕೇಳುತ್ತದೆ. ಕಾಗದವನ್ನು ಅದು ಇದ್ದ ಜಾಗಕ್ಕೇ ಸರಿಸಿ, ಪೆನ್ನನ್ನು ಅದರ ಮೇಲಿಟ್ಟು, ಅವರು ಬಾಗಿಲಾಚೆ ಹೋಗುತ್ತಾರೆ.

"ಏಯ್, ಸಹಿ ಹಾಕ್ದೆ ಎಲ್ಲಿಗೆ ಹೊರಟೆ?" ಎಂದು ಸೂಪರ್‌ವೈಸರ್ ಕೂಗುತ್ತಾನೆ. "ಅಣ್ಣಾ" ಎಂದು ನಾನೂ ಕೂಗುತ್ತೇನೆ. ಒಣಗ್ಲಿಯಣ್ಣ ಬಕೆಟ್ಟು ಎತ್ತಿಕೊಂಡು, ನೀರು ತುಳುಕದ ಹಾಗೆ, ಉದ್ದನೆಯ ಕಾರಿಡಾರಿನಲ್ಲಿ ಹಿಂಬದಿಯ ಮೆಟ್ಟಿಲ ಕಡೆಗೆ ನಡೆದುಹೋಗುತ್ತಾರೆ.