ಹನ್ನೊಂದನೆಯ ಚೀಟಿ

ಈ ಗುರುವಾರ ಬೆಳಿಗ್ಗೆ ಹಾರ್ಮೋನಿಯಂ ಪೇಟಿಯ ಮುಂದೆ ಕೂತಿದ್ದಾಗ ಸೀಗೆಕಾಯಿಯ ವಾಸನೆ ಬಂತು. ಪುಣೆಯ ವಾಕಡದ ಏಳನೆಯ ಮಹಡಿಗೆ ಸೀಗೆಕಾಯಿ ಎಲ್ಲಿಂದ ಬರಬೇಕು ಹೇಳಿ. ನಮ್ಮಲ್ಲಿ ತಲೆಗೆ ಹಾಕುವುದೆಲ್ಲ ಬಾಟಲಿಯದು. ನನ್ನ ತಲೆಗಂತೂ ಅದೂ ಈಗ ಹೆಚ್ಚು ಖರ್ಚಾಗುವುದಿಲ್ಲ. ಹೆಂಡತಿ ಕೆಲಸಕ್ಕೆ ಹೋಗಿದ್ದಳು, ಕಿಟಕಿ ಮುಚ್ಚಿತ್ತು. ವಾಸನೆ ನನ್ನ ಬೆನ್ನ ಹಿಂದಿನಿಂದಲೇ ಬರುತ್ತಿತ್ತು. ನಾನು ಯಾಕೆ ತಿರುಗಿ ನೋಡಲಿಲ್ಲ ಎಂಬುದು ನಿಮಗೆ ತಿಳಿಯಬೇಕಾದರೆ ಒಮ್ಮೆ ಕಾತ್ರಜದ ತನಕ ನನ್ನ ಜೊತೆ ಬರಬೇಕು.

ನಾನು ಚಾಕಣದ ಒಂದು ಕಾರ್ಖಾನೆಯಲ್ಲಿ ಕಾರಿನ ಬಿಡಿಭಾಗಗಳನ್ನು ತಪಾಸಣೆ ಮಾಡುವವನು. ನಮಗೆ ವಾರದ ರಜೆ ಭಾನುವಾರವಲ್ಲ, ಗುರುವಾರ. ಊರೆಲ್ಲ ದುಡಿಯುವ ದಿನ ಒಬ್ಬನೇ ಮನೆಯಲ್ಲಿ ಕೂತು ಏನು ಮಾಡುವುದು? ನಲವತ್ತಾರನೆಯ ವಯಸ್ಸಿನಲ್ಲಿ ಪೇಟಿ ಕಲಿಯುವ ಹುಕಿ ಬಂತು. ನಾನು ಏನನ್ನೂ ಪೂರ್ತಿ ಮುಗಿಸಿದ ಮನುಷ್ಯನಲ್ಲ. ಈಜು ಕಲಿಯಲು ಹೋಗಿ ಸೊಂಟದ ನೀರಿನಲ್ಲೇ ನಿಂತಿದ್ದೆ. ಸಂಸ್ಕೃತ ಎರಡನೆಯ ಪಾಠಕ್ಕೆ ನಿಂತಿತ್ತು. ಈ ಸಲ ಒಂದು ಹಾಡನ್ನಾದರೂ ಮೊದಲಿನಿಂದ ಕೊನೆಯ ತನಕ ನುಡಿಸಿಯೇ ತೀರಬೇಕೆಂದು ಹಟ ತೊಟ್ಟೆ.

ಕಾತ್ರಜದಲ್ಲಿ ಸಾತಾರಾ ಕಡೆಯ ಬಸ್ಸುಗಳ ಸದ್ದು ಕೇಳುವ ಒಂದು ಹಳೆಯ ಕಟ್ಟಡದಲ್ಲಿ ಬೆಳಗಾವಿಯ ಮಾಸ್ತರರೊಬ್ಬರಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿಲ್ಲ. ಒಂದು ಸಲಕ್ಕೆ ಒಬ್ಬನೇ ಶಿಷ್ಯ, ಅವನೂ ಪೇಟಿ ಮುಟ್ಟದ ಹೊಸಬನೇ ಆಗಿರಬೇಕು. ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ವಾರಕ್ಕೊಂದು ಗುರಿ ಬರೆದು ಕೊಡುತ್ತಿದ್ದರು.

"ವಾರಕ್ಕ ಒಂದ ಚೀಟಿ, ಇನ್ಸ್‌ಪೆಕ್ಟರ್ ಸಾಹೇಬ್ರ. ಅದರಾಗ ಇದ್ದಷ್ಟ. ಮುಂದಿಂದು ಕೇಳಬಾರದು" ಎಂದರು ಮೊದಲ ದಿನವೇ. ನನ್ನ ಕೆಲಸ ಗೊತ್ತಾದ ಮೇಲೆ ನಾನು ಅವರಿಗೆ ಇನ್ಸ್‌ಪೆಕ್ಟರ್ ಸಾಹೇಬನೇ.

ಮೊದಲ ಚೀಟಿಯಲ್ಲಿ ಇದ್ದದ್ದು ಬರೀ 'ಸಾ'. ತಿದಿಯನ್ನು ಒಂದೇ ಸಮನೆ ಒತ್ತುತ್ತ, ಸ್ವರ ನಡುಗದಂತೆ ಹದಿನಾರು ಎಣಿಸುವ ತನಕ ಹಿಡಿಯಬೇಕು. ಎರಡನೆಯದರಲ್ಲಿ ಮೂರು ಸ್ವರ. ಆಮೇಲೆ ಒಂದು ಪುಟ್ಟ ಹಾಡಿನ ಚೂರುಗಳು, ವಾರಕ್ಕೊಂದರಂತೆ. ಮನೆಯಲ್ಲಿ ಪೇಟಿ ಇರಲಿಲ್ಲವಾದ್ದರಿಂದ ಕಂಪನಿ ಬಸ್ಸಿನಲ್ಲಿ ಊಟದ ಡಬ್ಬಿಯ ಮುಚ್ಚಳದ ಮೇಲೆ ಬೆರಳು ಆಡಿಸುತ್ತಿದ್ದೆ. ಪಕ್ಕದ ಮರಾಠಿಯವನು "ಕಾಯ್ ಟೈಪ್ ಕರತೋಸ್ ರೇ?", ಏನು ಟೈಪ್ ಮಾಡುತ್ತಿದ್ದೀಯೋ, ಎಂದು ಕೇಳಿದ್ದಕ್ಕೆ ರಾಜೀನಾಮೆ ಎಂದಿದ್ದೆ. ಪಾಪ, ನಂಬಿಬಿಟ್ಟ.

ನಾನು ನುಡಿಸುವಾಗ ಮಾಸ್ತರರು ಎದುರಿಗೆ ಕೂತು ತಾಮ್ರದ ಉಂಗುರದಿಂದ ಕುರ್ಚಿಯ ಕೈ ಮೇಲೆ ಟಕ್ ಟಕ್ ಎಂದು ತಾಳ ಹಾಕುತ್ತಿದ್ದರು. ಆದರೆ ಅವರ ಕಣ್ಣು ನನ್ನ ಬೆರಳುಗಳ ಮೇಲೆ ಇರುತ್ತಿರಲಿಲ್ಲ. ನನ್ನ ಹೆಗಲಿನಾಚೆ ಇರುತ್ತಿತ್ತು. ಅಲ್ಲಿ ಒಂದು ಖಾಲಿ ಬೆತ್ತದ ಕುರ್ಚಿ. ನಾನು ಸರಿಯಾಗಿ ನುಡಿಸಿದರೆ ಅವರು ತಲೆದೂಗುತ್ತಿದ್ದದ್ದು ಆ ಕುರ್ಚಿಗೆ. ನಾಲ್ಕನೆಯ ವಾರದಿಂದ ಸೀಗೆಕಾಯಿಯ ವಾಸನೆ ಬರತೊಡಗಿತು. ಪಕ್ಕದ ಮನೆಯವರು ಎರೆದುಕೊಳ್ಳುತ್ತಿರಬೇಕು ಅಂದುಕೊಂಡೆ. ಏಳನೆಯ ವಾರ ಬೆತ್ತ ಕಿರ್ರೆಂದಿತು. ಹಳೆಯ ಕುರ್ಚಿ ಅಂದುಕೊಂಡೆ. ಹೀಗೆ ಅಂದುಕೊಳ್ಳುವುದರಲ್ಲಿ ನಾನು ಬಹಳ ಜಾಣ.

ಹನ್ನೊಂದನೆಯ ಚೀಟಿ ಮುಗಿದ ದಿನ ಮಾಸ್ತರರು, "ಆತ್ರಿ. ಮುಂದಿನ ವಾರ ಬಂದು ಹನ್ನೊಂದೂ ಒಮ್ಮೆ ನುಡಸ್ರಿ. ಅಲ್ಲಿಗೆ ಮುಗೀತು" ಎಂದರು.

"ಹೆಂಗ ಮುಗೀತ್ರಿ ಮಾಸ್ತರ? ಹಾಡು 'ರೇ' ಮ್ಯಾಲೆ ನಿಂತದಲ್ರಿ. 'ಸಾ'ಕ್ಕ ಬರಬ್ಯಾಡೇನು?"

ಅವರು ಉಂಗುರ ತಿರುಗಿಸುತ್ತ ಬೆತ್ತದ ಕುರ್ಚಿಯ ಕಡೆ ನೋಡಿದರು.

"ಊರ ಮಂದಿಗೆಲ್ಲಾ ಕಲಿಸಿದೆ. ನಮ್ಮಾಕಿಗೆ ಕಲಿಸಿದ್ದು ಆಕಿಗೆ ಅರವತ್ತಾದ ಮ್ಯಾಲೆ. ಹನ್ನೊಂದ ಚೀಟಿ ಆಗಿದ್ವು. ಅವತ್ತ ಗುರುವಾರ. ತಲಿ ಎರಕೊಂಡು ಬಂದು ಆ ಕುರ್ಚಿ ಮ್ಯಾಲೆ ಕೂತ್ಲು. ನಾ ಒಳಗಿಂದ ಚಹಾ ತರೂದ್ರಾಗ..." ಮಾತು ಅಲ್ಲಿಗೇ ಬಿಟ್ಟರು. "ಹೊಸಬ್ರು ಕಲಿಯಾಕ ಕೂತ್ರ ಬರ್ತಾಳ್ರಿ. ತಾ ಕಲತಷ್ಟು ಕೇಳ್ತಾಳ. ಪೂರಾ ಕೇಳಿದ್ಲಂದ್ರ ಇಲ್ಲೆ ಆಕಿಗೆ ಏನ ಉಳೀತು? ಎದ್ದ ಹೋಗ್ತಾಳ."

ನಾನು ನಂಬಲಿಲ್ಲ. ಮುದುಕರನ್ನು ನೋಡಿ ಅಯ್ಯೋ ಅನ್ನಿಸಿತು. ಹನ್ನೆರಡು ತೂತು ಇರಬೇಕಾದಲ್ಲಿ ಹನ್ನೊಂದೇ ಇದ್ದರೆ ಆ ಮಾಲನ್ನು ವಾಪಸು ಕಳಿಸುವ ಕೈ ನನ್ನದು. ಹಾಡು ಮುಗಿದರೆ ಅವರ ಭ್ರಮೆಯೂ ಕಳೆದೀತು ಎಂದು ವಾರವಿಡೀ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಲೇ? ನನಗೆ ನನ್ನ ಹಾಡು ಮುಗಿಯಬೇಕಿತ್ತು, ಅಷ್ಟೇ.

ಮರುವಾರ ಹನ್ನೊಂದನ್ನೂ ನುಡಿಸಿದೆ. ಹಿಂದೆ ವಾಸನೆ ಎಂದಿಗಿಂತ ಗಾಢವಾಗಿತ್ತು. 'ರೇ' ಮೇಲೆ ಒಂದು ಕ್ಷಣ ನಿಂತೆ. ಮಾಸ್ತರರು ಕೈ ಎತ್ತಿದರು. ಅಷ್ಟರಲ್ಲಿ ನನ್ನ ಬೆರಳು 'ಸಾ'ಕ್ಕೆ ಇಳಿದಿತ್ತು.

ಬೆತ್ತ ಕಿರ್ರೆಂದಿತು, ಯಾರೋ ಮೊಣಕಾಲಿನ ಮೇಲೆ ಕೈಯೂರಿ ನಿಧಾನ ಎದ್ದ ಹಾಗೆ. ನನ್ನ ಕಿವಿಯ ಪಕ್ಕದಲ್ಲಿ ತೇವದ ತಂಪು ಹಾದುಹೋಯಿತು. ಬಾಗಿಲ ಪರದೆ ಒಮ್ಮೆ ಹೊರಕ್ಕೆ ಸರಿದು ಮತ್ತೆ ಬಿತ್ತು. ಆ ಕ್ಷಣದಿಂದ ಕೋಣೆಯಲ್ಲಿ ವಾಸನೆಯೇ ಇಲ್ಲ.

"ಹೋದ್ಲಲ್ರಿ" ಎಂದರು ಮಾಸ್ತರರು, ಪರದೆಯನ್ನೇ ನೋಡುತ್ತ.

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಚಹಾ ಮಾಡಿಕೊಟ್ಟರು. ಪೇಟಿಯನ್ನು ಹಳೆಯ ಸೀರೆಯಲ್ಲಿ ಕಟ್ಟಿ, "ಒಯ್ರಿ. ಇನ್ನ ನನಗ ಯಾತಕ್ಕ?" ಎಂದರು. ಆಮೇಲೆ ಯಾರಿಗೂ ಕಲಿಸಲಿಲ್ಲ. ನಾನು ಪ್ರತಿ ಗುರುವಾರ ಹೋಗಿ ಕೂತು ಬರುತ್ತಿದ್ದೆ. ಅವರು ಆ ಕುರ್ಚಿಯ ಕಡೆ ನೋಡುವುದನ್ನೂ ಬಿಟ್ಟಿದ್ದರು. ನಾಲ್ಕು ತಿಂಗಳಿಗೆ ಅವರೂ ತೀರಿಕೊಂಡರು. ಬದುಕಿನಲ್ಲಿ ನಾನು ಪೂರ್ತಿ ಮುಗಿಸಿದ್ದು ಅದೊಂದೇ ಹಾಡು. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಆಗಿನಿಂದ ನಾನು ಮತ್ತೆ ಹೊಸಬ. ಮೊದಲ ವಾರ ಬರೀ 'ಸಾ', ಎರಡನೆಯ ವಾರ ಮೂರು ಸ್ವರ, ಹೀಗೆ ಹನ್ನೊಂದರ ತನಕ. ಅಲ್ಲಿಂದ ಮತ್ತೆ ಒಂದಕ್ಕೆ. ಇಂಥ ಸುತ್ತು ಐದಾರು ಆಗಿರಬೇಕು. ಹಿಂದೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಟ್ಟಿರುತ್ತೇನೆ. ಹೆಂಡತಿ, "ಯಾರ್ ಬರಾವ್ರದಾರ್ರಿ?" ಎಂದು ನಗುತ್ತಾಳೆ. ಇಲ್ಲಿಯ ತನಕ ಯಾರೂ ಬಂದಿರಲಿಲ್ಲ.

ಈ ಗುರುವಾರ ಹನ್ನೊಂದನೆಯ ಚೀಟಿಯ ದಿನ. ಸೀಗೆಕಾಯಿಯ ವಾಸನೆ ಬಂದ ಮೇಲೆ ಎಣಿಕೆ ತಪ್ಪಿತು. ಆಗ ವಾಸನೆಯ ಪಕ್ಕದಿಂದಲೇ, ಪ್ಲಾಸ್ಟಿಕ್ಕಿನ ಮೇಲೆ ತಾಮ್ರ ತಾಗಿದ ಸದ್ದು: ಟಕ್, ಟಕ್, ಟಕ್. ತಾಳ ತಪ್ಪಿದವನನ್ನು ಕೈಹಿಡಿದು ದಾರಿಗೆ ತರುವಂತೆ.

ಆ ತಾಳಕ್ಕೆ ನುಡಿಸಿದೆ. 'ರೇ' ಬಂತು. ಬೆರಳು 'ಸಾ'ದ ಕಡೆಗೆ ಜಗ್ಗುತ್ತಿತ್ತು. ಎತ್ತಿಬಿಟ್ಟೆ. ಕುರ್ಚಿಗಳು ಅಲುಗಲಿಲ್ಲ, ವಾಸನೆ ಅಲ್ಲೇ ಇತ್ತು. ಹೆದರಿಕೆಗೋ ಸಂತೋಷಕ್ಕೋ ಕಣ್ಣು ತುಂಬಿ ಎದುರಿನ ಅಕ್ಷರಗಳು ಕಾಣದಾಗಿದ್ದವು. ನೋಡಿದರೆ ಎಲ್ಲಿ ಇಬ್ಬರೂ ಎದ್ದು ಹೋದಾರೋ ಎಂದು ತಿರುಗಿ ನೋಡದೆ, ಕೈಯಲ್ಲೇ ತಡಕಾಡಿ ಮೊದಲನೆಯ ಚೀಟಿ ಎತ್ತಿಕೊಂಡೆ.